ಬೀಡಿ ಸೇದುತ್ತೀರಾ ಎಂದು ಕೇಳುವ ಡಾಕ್ಟರು, ಏನು ಕೆಲಸ ಮಾಡಿದಿರಿ ಎಂದು ಏಕೆ ಕೇಳುವುದಿಲ್ಲ?

ಮುಲುಂಡ್ ನಿವಾಸಿ

ಮುಂಬಯಿ, ಪುಣೆ, ಗೋವಾ ಕಡೆಯ ಕಾರ್ಖಾನೆಗಳಲ್ಲಿ ದುಡಿದವರು, ದುಡಿಯುತ್ತಿರುವವರು ದಯವಿಟ್ಟು ಪೂರ್ತಿ ಓದಿ.

ನನ್ನ ಚಿಕ್ಕಪ್ಪನಿಗೆ ಮೆಸೊಥೆಲಿಯೋಮಾ ಎಂದು ಈಗ ಗೊತ್ತಾಗಿದೆ. ಶ್ವಾಸಕೋಶದ ಹೊರಪೊರೆಗೆ ಬರುವ ಕ್ಯಾನ್ಸರ್. ಅಲ್ಲಿಗೆ ಮುಟ್ಟುವ ಮೊದಲು ಎಷ್ಟೋ ಆಸ್ಪತ್ರೆಗಳ ಮೆಟ್ಟಿಲು ಹತ್ತಿ ಇಳಿದೆವು. ಎದೆಯಲ್ಲಿ ನೀರು ತುಂಬಿದೆ ಎಂದು ಸೂಜಿ ಹಾಕಿ ತೆಗೆದರು. ಕ್ಷಯ ಇರಬಹುದೆಂದು ತಿಂಗಳುಗಟ್ಟಲೆ ಮಾತ್ರೆ ನುಂಗಿಸಿದರು. ನೀರು ಮತ್ತೆ ತುಂಬಿತು. ನೋಡಿದವರೆಲ್ಲ ಬೀಡಿ, ಸಿಗರೇಟು, ತಂಬಾಕು ಕೇಳಿದರು. ಚಿಕ್ಕಪ್ಪ ಅವುಗಳಲ್ಲಿ ಒಂದನ್ನೂ ಮುಟ್ಟಿದವರಲ್ಲ. ಕೊನೆಗೆ ಒಬ್ಬ ಕಿರಿಯ ವೈದ್ಯೆ, ಇನ್ನೂ ಓದುತ್ತಿರುವವರು, "ಪ್ರಾಯದಲ್ಲಿ ಏನು ಕೆಲಸ ಮಾಡುತ್ತಿದ್ದಿರಿ?" ಎಂದು ಕೇಳಿದರು. ಮೊದಲ ಸಲ ಒಬ್ಬರು ಕೇಳಿದ್ದು!

ಅವರು ಕುಂದಾಪುರದ ಕಡೆಯಿಂದ ಹುಡುಗನಾಗಿ ಬಂದವರು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಫೋರ್ಟಿನ ಕನ್ನಡ ಶಾಲೆಯಲ್ಲಿ ಓದಿ, ಲೋವರ್ ಪರೇಲಿನ ಒಂದು ಬಟ್ಟೆ ಗಿರಣಿಯ ಬಾಯ್ಲರ್ ಮನೆ ಸೇರಿದರು. 1982ರ ಮುಷ್ಕರದಲ್ಲಿ ಆ ಕೆಲಸ ಹೋಯಿತು. ಆಮೇಲೆ ಠಾಣೆ-ಬೇಲಾಪುರ ಪಟ್ಟಿಯ ಕಾರ್ಖಾನೆಗಳಲ್ಲಿ ಗುತ್ತಿಗೆದಾರನ ಕೈಕೆಳಗೆ ಹಬೆ ಕೊಳವೆಗಳಿಗೆ ಲ್ಯಾಗಿಂಗ್. ಬಿಳಿ ಪುಡಿಯನ್ನು ಗೋಣಿಯಿಂದ ಬಕೆಟ್ಟಿಗೆ ಸುರಿದು, ನೀರು ಬೆರೆಸಿ, ಬರಿಗೈಯಲ್ಲಿ ಕೊಳವೆಗೆ ಮೆತ್ತುವುದು. ದುರಸ್ತಿ ಬಂದರೆ ಒಣಗಿದ ಹಳೆಯ ಪದರವನ್ನು ಸುತ್ತಿಗೆಯಿಂದ ಒಡೆದು ಕೆಡವುವುದು. ಸಂಜೆ ಮನೆಗೆ ಬಂದರೆ ಹುಬ್ಬು ಸಹ ಬೆಳ್ಳಗಿರುತ್ತಿತ್ತು. ಚಿಕ್ಕಮ್ಮ ಆ ಅಂಗಿಯನ್ನು ಚಾಳಿನ ಗ್ಯಾಲರಿಯಲ್ಲಿ ಕೊಡವಿ ಒಗೆಯುತ್ತಿದ್ದರು.

ಗುತ್ತಿಗೆದಾರ ಸತ್ತು ಯಾವ ಕಾಲವಾಯಿತೋ. ಗಿರಣಿ ಇದ್ದ ಜಾಗದಲ್ಲಿ ಈಗ ಗಾಜಿನ ಗೋಪುರ ಇದೆ. ಪರಿಹಾರ ಕೇಳಲು ದಾರಿ ಇದೆಯೇ? ಕೇಳುವುದಾದರೆ ಯಾರನ್ನು?

ಡೊಂಬಿವಿಲಿ ಪೂರ್ವ

ನಮ್ಮ ಭಾವನ ವಿಷಯದಲ್ಲೂ ಹೀಗೆಯೇ ಆಯಿತು. ಬಣ್ಣದ ಕಾರ್ಖಾನೆಯಲ್ಲಿ ಇಡೀ ಆಯುಷ್ಯ ಕಳೆದವರಿಗೆ ಮೂತ್ರಕೋಶದ ಕ್ಯಾನ್ಸರ್. ಆಸ್ಪತ್ರೆಯ ಕಾಗದದಲ್ಲಿ ಉದ್ಯೋಗ ಎಂಬ ಜಾಗದಲ್ಲಿ "ನಿವೃತ್ತ" ಎಂದಷ್ಟೇ ಇದೆ.

ಕಾರ್ಖಾನೆ ದಾದಿ, ಠಾಣೆ

ಮುಲುಂಡ್ ಅವರೇ, ಆ ಬಿಳಿ ಪುಡಿ ಕಲ್ನಾರು, ಎಂದರೆ ಆಸ್ಬೆಸ್ಟಾಸ್. ನಾನು ಕಾರ್ಖಾನೆಯೊಂದರ ಆರೋಗ್ಯ ಕೇಂದ್ರದಲ್ಲಿ ದಾದಿಯಾಗಿ ನಿವೃತ್ತಳಾದವಳು, ಅದನ್ನು ಕಣ್ಣಾರೆ ಕಂಡಿದ್ದೇನೆ. ಅದರ ಎಳೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಸೀಳಿ ಉಸಿರಿನೊಂದಿಗೆ ಆಳಕ್ಕೆ ಇಳಿಯುತ್ತದೆ. ದೇಹ ಅದನ್ನು ಕರಗಿಸಲಾರದು. ಸಾಮಾನ್ಯವಾಗಿ ಇಪ್ಪತ್ತು ವರ್ಷ ಕಳೆದ ಮೇಲೆ, ಎಷ್ಟೋ ಸಲ ಮೂವತ್ತು ನಲವತ್ತು ವರ್ಷದ ನಂತರ ಕಾಯಿಲೆ ತಲೆ ಎತ್ತುತ್ತದೆ. ಅಷ್ಟರಲ್ಲಿ ಮನುಷ್ಯ ನಿವೃತ್ತನಾಗಿ ಊರು ಸೇರಿರುತ್ತಾನೆ. ಊರಿನ ಡಾಕ್ಟರಿಗೆ ಬೇಲಾಪುರದ ಕೊಳವೆ ಹೇಗೆ ನೆನಪಾಗಬೇಕು? ಎದೆಯಲ್ಲಿ ನೀರು ಎಂದರೆ ನಮ್ಮ ದೇಶದಲ್ಲಿ ಮೊದಲು ಹೊಳೆಯುವುದು ಕ್ಷಯ. ಅದರಲ್ಲಿ ಅವರ ತಪ್ಪು ಅರ್ಧ ಮಾತ್ರ. ಉಳಿದ ಅರ್ಧ, ಕೆಲಸ ಏನು ಎಂದು ಕೇಳದೇ ಇದ್ದದ್ದು.

ಇನ್ನೊಂದು ಮಾತು, ಕಟುವಾಗಿದ್ದರೂ ಹೇಳಲೇಬೇಕು. ನಿಮ್ಮ ಚಿಕ್ಕಮ್ಮನನ್ನೂ ತೋರಿಸಿ. ಗಂಡನ ಅಂಗಿ ಕೊಡವಿ ಒಗೆದ ಹೆಂಗಸರಿಗೆ ಇದೇ ಕಾಯಿಲೆ ಬಂದ ದಾಖಲೆ ಹಲವು ದೇಶಗಳಲ್ಲಿ ಇದೆ. ಎಲ್ಲರಿಗೂ ಬರುತ್ತದೆ ಎಂದಲ್ಲ. ಆದರೆ ಉಬ್ಬಸ, ಎದೆನೋವು, ಬಿಡದ ಕೆಮ್ಮು ಇದ್ದರೆ ವಯಸ್ಸಿನ ಮೇಲೆ ಹಾಕಿ ಸುಮ್ಮನಿರಬೇಡಿ. ಹೋದಾಗ "ಕಲ್ನಾರಿನ ಬಟ್ಟೆ ಒಗೆದಿದ್ದೇನೆ" ಎಂದು ಅವರೇ ಬಾಯಿಬಿಟ್ಟು ಹೇಳಲಿ.

ಮುಲುಂಡ್ ನಿವಾಸಿ

ಚಿಕ್ಕಮ್ಮನ ವಿಷಯ ನಮಗೆ ಯಾರೂ ಹೇಳಿರಲಿಲ್ಲ. ಈ ವಾರವೇ ಕರೆದುಕೊಂಡು ಹೋಗುತ್ತೇನೆ.

ವಾಶಿ ವ್ಯಾಪಾರಿ

ಸ್ವಲ್ಪ ತಾಳ್ಮೆ ಇರಲಿ. ಇತ್ತೀಚೆಗೆ ಎಲ್ಲದಕ್ಕೂ ಕ್ಯಾನ್ಸರ್ ಎನ್ನುತ್ತಾರೆ. ಕಲ್ನಾರು ಅಷ್ಟು ಕೆಟ್ಟದಾಗಿದ್ದರೆ ಸರ್ಕಾರ ಇಂದಿಗೂ ಸಿಮೆಂಟ್ ಶೀಟು ಮಾರಲು ಬಿಡುತ್ತಿತ್ತೇ? ನಮ್ಮ ಗೋದಾಮಿನ ಮಾಡು ಪೂರ್ತಿ ಅದೇ. ಬಿಳಿ ಕಲ್ನಾರು ಅಪಾಯಕಾರಿ ಅಲ್ಲ, ನೀಲಿ ಮಾತ್ರ ಅಪಾಯ ಎಂದು ಮಾರುವವರೇ ಹೇಳಿದ್ದಾರೆ.

ಕಾರ್ಖಾನೆ ದಾದಿ, ಠಾಣೆ

ಮಾರುವವರು ಇನ್ನೇನು ಹೇಳಬೇಕು? ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಐಎಆರ್‌ಸಿ ಎಂಬ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಫ್ರಾನ್ಸಿನ ಲಿಯಾನ್ ನಗರದಲ್ಲಿದೆ. ಅದರ ಮೊದಲ ಗುಂಪಿನಲ್ಲಿ, ಎಂದರೆ ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತ ಎಂಬ ಪಟ್ಟಿಯಲ್ಲಿ, ಬಿಳಿಯೂ ಸೇರಿ ಎಲ್ಲ ಬಗೆಯ ಕಲ್ನಾರು ಇದೆ. ನಮ್ಮ ದೇಶ ಕಲ್ನಾರಿನ ಗಣಿಗಾರಿಕೆಗೆ ಹೊಸ ಪರವಾನಗಿ ನಿಲ್ಲಿಸಿ ದಶಕಗಳಾದವು, ಆದರೆ ರಷ್ಯಾದಂತಹ ದೇಶಗಳಿಂದ ತರಿಸುವುದು ಮಾತ್ರ ನಿಂತಿಲ್ಲ. ಮಾರಾಟಕ್ಕೆ ಅನುಮತಿ ಇದೆ ಎಂಬುದು ಸುರಕ್ಷತೆಯ ಪುರಾವೆ ಅಲ್ಲ.

ನಿಮ್ಮ ಮಾಡಿನ ಶೀಟು ಒಡೆಯದೆ, ಸವೆಯದೆ ಇದ್ದರೆ ಗಾಬರಿ ಬೇಡ. ಅದನ್ನು ಕೊರೆಯುವಾಗ, ಗರಗಸ ಹಾಕುವಾಗ, ಮಳೆಗಾಲದ ಮೊದಲು ಒಣಗಿದ್ದಾಗಲೇ ತಂತಿ ಬ್ರಷ್ಷಿನಿಂದ ಉಜ್ಜುವಾಗ ಎಳೆ ಹಾರುತ್ತದೆ. ಆ ಕೆಲಸಕ್ಕೆ ನಿಮ್ಮ ಗೋದಾಮಿನ ಹುಡುಗರನ್ನು ಹಾಗೆಯೇ ಹತ್ತಿಸಬೇಡಿ.

ದಾರುಖಾನಾ ಹಳಬ

ರೇ ರೋಡ್ ಪಕ್ಕದ ದಾರುಖಾನಾದಲ್ಲಿ ಹಡಗು ಒಡೆಯುವುದನ್ನು ನೋಡಿದ್ದೀರಾ? ಹಳೆಯ ಹಡಗಿನ ಎಂಜಿನ್ ಕೋಣೆಯ ಗೋಡೆ, ಕೊಳವೆ, ಬಾಗಿಲಿನ ಪಟ್ಟಿ ಎಲ್ಲೆಲ್ಲೂ ಕಲ್ನಾರು. ಗ್ಯಾಸ್ ಕಟರ್ ಹಿಡಿದವನ ಮುಖಕ್ಕೆ ಕರವಸ್ತ್ರ. ಸೀಸದ ಬಣ್ಣ ಸುಡುವ ಹೊಗೆ ಬೇರೆ. ಫ್ರಾನ್ಸಿನ ಕ್ಲೆಮಾನ್ಸೋ ಎಂಬ ಯುದ್ಧನೌಕೆಯನ್ನು ಗುಜರಾತಿನ ಅಲಂಗಿಗೆ ಒಡೆಯಲು ಕಳಿಸಿದಾಗ, ಅದರಲ್ಲಿನ ಕಲ್ನಾರಿನ ಗಲಾಟೆಯಿಂದಲೇ 2006ರಲ್ಲಿ ವಾಪಸ್ ಕರೆಸಿಕೊಂಡರು. ಹೆಸರಿಲ್ಲದ ಸಣ್ಣ ಹಡಗುಗಳಿಗೆ ಗಲಾಟೆ ಮಾಡುವವರು ಯಾರು?

ಸಯಾನ್ ವಕೀಲ

ಪರಿಹಾರದ ಪ್ರಶ್ನೆಗೆ ಬರುತ್ತೇನೆ. 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕಲ್ನಾರು ಕಾರ್ಮಿಕರ ಪ್ರಕರಣದಲ್ಲಿ ದೊಡ್ಡ ತೀರ್ಪು ಕೊಟ್ಟಿದೆ. ಕಾರ್ಮಿಕನ ಆರೋಗ್ಯ ಅವನ ಜೀವಿಸುವ ಹಕ್ಕಿನ ಭಾಗ ಎಂದಿತು. ಅಂತಹ ಉದ್ಯಮಗಳು ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸ ಶುರುವಾದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಇವುಗಳಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಕಾಪಾಡಬೇಕು ಎಂದಿತು. ಪರಿಹಾರದ ಕಾಯ್ದೆಯ ಪಟ್ಟಿಯಲ್ಲಿ ಕಲ್ನಾರಿನಿಂದ ಬರುವ ಶ್ವಾಸಕೋಶದ ಕ್ಯಾನ್ಸರ್ ಮತ್ತು ಮೆಸೊಥೆಲಿಯೋಮಾ ಹೆಸರು ಹೇಳಿಯೇ ಇವೆ. ಮೂತ್ರಕೋಶದ ಒಳಪದರದ ಕ್ಯಾನ್ಸರ್ ಸಹ ಇದೆ, ಡೊಂಬಿವಿಲಿಯವರು ಗಮನಿಸಿ. ಕೆಲಸ ಬಿಟ್ಟ ಮೇಲೆ ಕಾಯಿಲೆ ಕಾಣಿಸಿದರೂ ಹಕ್ಕು ಸಾಯುವುದಿಲ್ಲ. ಅರ್ಜಿಗೆ ಎರಡು ವರ್ಷದ ಗಡುವು ಇದೆ, ತಡಕ್ಕೆ ಸರಿಯಾದ ಕಾರಣ ತೋರಿಸಿದರೆ ಆಯುಕ್ತರು ಒಪ್ಪಬಹುದು.

ಕಾನೂನಿನಲ್ಲಿ ಎಲ್ಲ ಇದೆ. ಸೋಲುವುದು "ಇವನು ನಮ್ಮಲ್ಲಿ ಕೆಲಸವೇ ಮಾಡಿಲ್ಲ" ಎಂಬ ಒಂದು ವಾಕ್ಯದ ಮುಂದೆ.

ಅಂಧೇರಿ ಲೆಕ್ಕಿಗ

ವಕೀಲರು ಹಳೆಯ ಕಾಯ್ದೆಯ ಮಾತಾಡುತ್ತಿದ್ದಾರೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1948ರ ಕಾರ್ಖಾನೆ ಕಾಯ್ದೆ, 1923ರ ಪರಿಹಾರ ಕಾಯ್ದೆ, ಇಎಸ್ಐ (ನೌಕರರ ರಾಜ್ಯ ವಿಮೆ) ಕಾಯ್ದೆ ಎಲ್ಲ ಅವುಗಳೊಳಗೆ ಸೇರಿಹೋದವು.

ಸಯಾನ್ ವಕೀಲ

ನಿಜ, ಆದರೆ ಉದ್ಯೋಗದಿಂದ ಬರುವ ಕಾಯಿಲೆಗಳ ಪಟ್ಟಿ ಮತ್ತು ಪರಿಹಾರದ ತತ್ವ ಹೊಸ ಸಂಹಿತೆಯಲ್ಲೂ ಮುಂದುವರಿದಿವೆ. ಔದ್ಯೋಗಿಕ ಕ್ಯಾನ್ಸರ್ ಕಂಡ ವೈದ್ಯರು ಅದನ್ನು ಸರ್ಕಾರಕ್ಕೆ ವರದಿ ಮಾಡಬೇಕೆಂಬ ನಿಯಮ ಹಳೆಯದರಲ್ಲೂ ಇತ್ತು, ಹೊಸದರಲ್ಲೂ ಇದೆ. ಕಾಯ್ದೆಯ ಹೆಸರು ಬದಲಾಯಿತೆಂದು ಯಾರೂ ಅರ್ಜಿ ಹಾಕುವುದನ್ನು ಕೈಬಿಡದಿರಲಿ ಎಂಬುದಷ್ಟೇ ನನ್ನ ಕಳಕಳಿ.

ಡೊಂಬಿವಿಲಿ ಪೂರ್ವ

ವರದಿ ಮಾಡಬೇಕು ಎಂದಿದೆಯಲ್ಲ, ಮಾಡಿದ ಒಬ್ಬ ಡಾಕ್ಟರನ್ನು ತೋರಿಸಿ!

ಭೋಸರಿ ಪಾಲಿಶ್

ನಾನು ಪುಣೆಯ ಭೋಸರಿಯಲ್ಲಿ ಕ್ರೋಮ್ ಪ್ಲೇಟಿಂಗ್ ಕೆಲಸದವನು, ಊರು ಇಂಡಿ ತಾಲ್ಲೂಕು. ಟ್ಯಾಂಕಿನಲ್ಲಿ ಕೆಂಪುಮಿಶ್ರಿತ ಕಂದು ದ್ರಾವಣ ಕುದಿಯುವಂತೆ ಗುಳ್ಳೆ ಏಳುತ್ತದೆ. ಗುಳ್ಳೆ ಒಡೆದಾಗಲೆಲ್ಲ ಸಣ್ಣ ಮಂಜು ಮೇಲೇರುತ್ತದೆ, ಟ್ಯಾಂಕಿನ ಅಂಚಿನಲ್ಲಿ ಬಗ್ಗಿ ನಿಂತವನ ಮೂಗಿಗೆ ನೇರ. ಸೇರಿದ ಹೊಸದರಲ್ಲಿ ಮೂಗಿನಲ್ಲಿ ಉರಿ, ಆಮೇಲೆ ದಿನಾ ಬೆಳಗ್ಗೆ ರಕ್ತದ ಹಕ್ಕಳೆ, ಆಮೇಲೆ ನೋವೇ ಇಲ್ಲ. ನೋವು ಹೋಯಿತೆಂದು ಸಂತೋಷಪಟ್ಟವರಿಗೆ ಮೂಗಿನ ನಡುಗೋಡೆಯಲ್ಲಿ ತೂತು ಬಿದ್ದಿರುತ್ತದೆ. ನನ್ನ ಜೊತೆಗಾರನೊಬ್ಬ ಉಸಿರಾಡುವಾಗ ಸಿಳ್ಳೆಯ ಸದ್ದು ಬರುತ್ತದೆ. ಡಾಕ್ಟರ್ ಟಾರ್ಚ್ ಹಾಕಿ ನೋಡಿ "ಮೂಗಿನಲ್ಲಿ ಬೆರಳು ಹಾಕಬೇಡ" ಎಂದು ಬೈದು ಕಳಿಸಿದರು.

ಈ ಮಂಜಿನಿಂದ ಕ್ಯಾನ್ಸರ್ ಬರುತ್ತದೆಯೇ? ನೇರವಾಗಿ ಹೇಳಿ, ನಾನು ಹೆದರುವುದಿಲ್ಲ.

ಕಾರ್ಖಾನೆ ದಾದಿ, ಠಾಣೆ

ನೇರವಾಗಿಯೇ ಹೇಳುತ್ತೇನೆ. ಹೌದು, ಬರಬಹುದು. ಅದು ಆರು ವೇಲೆನ್ಸಿಯ ಕ್ರೋಮಿಯಂ, ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂದು ಸಾಬೀತಾದದ್ದು. ಮೂಗಿನ ತೂತು ಸ್ವತಃ ಕ್ಯಾನ್ಸರ್ ಅಲ್ಲ, ಆದರೆ ಉಸಿರಿನ ದಾರಿಗೆ ಎಷ್ಟು ಕ್ರೋಮಿಯಂ ಹೋಗಿದೆ ಎಂಬುದಕ್ಕೆ ಅದೇ ಸಾಕ್ಷಿ. ನಿಮ್ಮ ಜೊತೆಗಾರ ಇಎಸ್ಐ ಕಾರ್ಡು ಹಿಡಿದು ಕಿವಿ-ಮೂಗು-ಗಂಟಲು ತಜ್ಞರಲ್ಲಿಗೆ ಹೋಗಲಿ, "ಕ್ರೋಮ್ ಟ್ಯಾಂಕಿನ ಕೆಲಸ" ಎಂದು ಚೀಟಿಯ ಮೇಲೆ ಬರೆಸಿಕೊಳ್ಳಲಿ.

ಚಿಂಚವಾಡ ಸಣ್ಣ ಉದ್ಯಮಿ

ನಾನೂ ಪ್ಲೇಟಿಂಗ್ ಘಟಕ ನಡೆಸುವವನು. ಎಲ್ಲ ಮಾಲೀಕರನ್ನೂ ಕಟುಕರಂತೆ ನೋಡುವುದು ನ್ಯಾಯವಲ್ಲ. ದೊಡ್ಡ ವಾಹನ ಕಂಪನಿಗಳು ನಮಗೆ ಕೊಡುವ ದರ ವರ್ಷ ವರ್ಷ ಇಳಿಯುತ್ತದೆ. ಹೊಗೆ ಹೀರುವ ಯಂತ್ರ, ನೀರಿನ ಶುದ್ಧೀಕರಣ, ವಿದ್ಯುತ್ ಬಿಲ್ಲು ಎಲ್ಲವೂ ನಮ್ಮ ತಲೆಯ ಮೇಲೆ. ಹುಡುಗರಿಗೆ ಮುಖವಾಡ ಕೊಟ್ಟರೆ ಸೆಖೆ ಎಂದು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಾರೆ. ನಾನೇನು ಮಾಡಲಿ?

ಭೋಸರಿ ಪಾಲಿಶ್

ಮೇ ತಿಂಗಳಲ್ಲಿ ತಗಡಿನ ಶೆಡ್ಡಿನಲ್ಲಿ, ಬಿಸಿ ಟ್ಯಾಂಕಿನ ಪಕ್ಕ, ಒಂದು ಪಾಳಿ ಪೂರ್ತಿ ರಬ್ಬರ್ ಮುಖವಾಡ ಹಾಕಿಕೊಂಡು ನಿಂತು ನೋಡಿ ಸಾಹೇಬರೇ. ಆಮೇಲೆ ಮಾತಾಡೋಣ. ಮಂಜನ್ನು ಟ್ಯಾಂಕಿನ ಅಂಚಿನಲ್ಲೇ ಹೀರಿದರೆ ನಮಗೆ ಮುಖವಾಡದ ಅಗತ್ಯವೇ ಕಡಿಮೆಯಾಗುತ್ತದೆ. ಮೊದಲು ಅದನ್ನು ಮಾಡಿ.

ಹಿಂಜವಡಿ ಎಂಜಿನಿಯರ್

ಪಾಲಿಶ್ ಅವರು ಹೇಳಿದ್ದೇ ಶಾಸ್ತ್ರ. ಸುರಕ್ಷತೆಯ ಪಾಠದಲ್ಲಿ ಮುಖವಾಡ ಕೊನೆಯ ಮೆಟ್ಟಿಲು. ಮೊದಲು ವಿಷವನ್ನೇ ಬದಲಿಸು, ಆಗದಿದ್ದರೆ ಮುಚ್ಚು, ಅದೂ ಆಗದಿದ್ದರೆ ಹುಟ್ಟುವಲ್ಲೇ ಹೀರು, ಆಮೇಲೆ ಮುಖವಾಡ. ಉದ್ಯಮಿಗಳೇ, ಅಲಂಕಾರದ ಪ್ಲೇಟಿಂಗಿಗೆ ಅಷ್ಟು ಅಪಾಯವಿಲ್ಲದ ಮೂರು ವೇಲೆನ್ಸಿಯ ಕ್ರೋಮಿಯಂ ಸಿಗುತ್ತದೆ. ಯಂತ್ರಭಾಗಗಳ ಗಟ್ಟಿ ಕ್ರೋಮಿಗೆ ಬದಲಿ ಕಷ್ಟ, ಒಪ್ಪುತ್ತೇನೆ. ಅಲ್ಲಿಯೂ ದ್ರಾವಣದ ಮೇಲೆ ಪ್ಲಾಸ್ಟಿಕ್ ಗೋಲಿಗಳನ್ನು ತೇಲಿಬಿಟ್ಟರೆ ಮಂಜು ಗಣನೀಯವಾಗಿ ತಗ್ಗುತ್ತದೆ. ಅದಕ್ಕೆ ಲಕ್ಷಗಟ್ಟಲೆ ಬೇಡ.

ಚಿಂಚವಾಡ ಸಣ್ಣ ಉದ್ಯಮಿ

ಗೋಲಿಗಳ ವಿಷಯ ವಿಚಾರಿಸುತ್ತೇನೆ. ಆದರೆ ದರ ಏರಿಸದೆ ದೊಡ್ಡ ಕಂಪನಿಗಳು ನಮಗೆ ಸುರಕ್ಷತೆಯ ಉಪದೇಶ ಮಾಡುವುದನ್ನು ಒಪ್ಪಲಾರೆ. ಆ ಮಾತು ಹಿಂತೆಗೆದುಕೊಳ್ಳುವುದಿಲ್ಲ.

ವಾಸ್ಕೊ ವೆಲ್ಡರ್

ಗೋವಾದಿಂದ ಬರೆಯುತ್ತಿದ್ದೇನೆ. ಝುವಾರಿನಗರ, ಬಾಯ್ನಾ, ಮಂಗೋರ್ ಕಡೆ ನಮ್ಮ ಗದಗ, ಕೊಪ್ಪಳ, ವಿಜಯಪುರದ ಜನ ತುಂಬಿದ್ದಾರೆ. ಹಡಗುಕಟ್ಟೆಯಲ್ಲಿ ವೆಲ್ಡಿಂಗ್ ನಮ್ಮದು. ಬಾರ್ಜಿನ ತಳದ ತೊಟ್ಟಿಯೊಳಗೆ ಇಳಿದು ಬೆಸುಗೆ ಹಾಕುವಾಗ ಹೊಗೆಗೆ ಹೊರಹೋಗಲು ದಾರಿಯೇ ಇರುವುದಿಲ್ಲ. ಮೇಲೆ ಬಂದು ಉಗುಳಿದರೆ ಕಪ್ಪು. ಸಾಲದ್ದಕ್ಕೆ ಮುರಗಾಂವ್ ಬಂದರಿನ ಕಲ್ಲಿದ್ದಲ ಧೂಳು ಮನೆಯ ಅನ್ನದ ತಟ್ಟೆಯವರೆಗೆ ಬರುತ್ತದೆ. ಕಲ್ಲಿದ್ದಲ ಧೂಳಿನಿಂದಲೇ ಇಲ್ಲಿ ಎಲ್ಲರಿಗೂ ಕ್ಯಾನ್ಸರ್ ಎಂದು ಜನ ಹೇಳುತ್ತಾರೆ.

ಹಿಂಜವಡಿ ಎಂಜಿನಿಯರ್

ಒಂದು ತಿದ್ದುಪಡಿ. ಕಲ್ಲಿದ್ದಲ ಧೂಳನ್ನು ಐಎಆರ್‌ಸಿ 1997ರಲ್ಲಿ ಮೂರನೆಯ ಗುಂಪಿನಲ್ಲಿಟ್ಟಿದೆ, ಎಂದರೆ ಕ್ಯಾನ್ಸರ್ ತರುತ್ತದೆಯೇ ಎಂದು ಹೇಳಲು ಪುರಾವೆ ಸಾಲದು. ಶ್ವಾಸಕೋಶವನ್ನು ಬೇರೆ ರೀತಿಯಲ್ಲಿ ಹಾಳುಮಾಡುವುದಂತೂ ಖಚಿತ, ಗಣಿ ಕಾರ್ಮಿಕರ ಕಪ್ಪು ಶ್ವಾಸಕೋಶ ಅದರಿಂದಲೇ. ಆದರೆ ನಿಮ್ಮ ವೆಲ್ಡಿಂಗ್ ಹೊಗೆ 2017ರಿಂದ ಮೊದಲ ಗುಂಪಿನಲ್ಲಿದೆ. ಬಂದರಿನ ಲಾರಿಗಳ ಡೀಸೆಲ್ ಹೊಗೆ 2012ರಿಂದ. ಸ್ಟೇನ್‌ಲೆಸ್ ಸ್ಟೀಲ್ ಬೆಸುಗೆಯ ಹೊಗೆಯಲ್ಲಂತೂ ಭೋಸರಿಯವರು ಹೇಳಿದ ಅದೇ ಕ್ರೋಮಿಯಂ, ಜೊತೆಗೆ ನಿಕ್ಕಲ್. ಊರೆಲ್ಲ ಕಲ್ಲಿದ್ದಲನ್ನು ಬೈಯುತ್ತಾ ಕೈಯಲ್ಲಿರುವ ಹೊಗೆಯನ್ನು ಮರೆಯಬೇಡಿ.

ವಾಸ್ಕೊ ವೆಲ್ಡರ್

ಬೈಯುವುದನ್ನು ನಿಲ್ಲಿಸುವುದಿಲ್ಲ, ಮಕ್ಕಳು ಕೆಮ್ಮುವುದು ನಮ್ಮ ಮನೆಯಲ್ಲಿ. ಆದರೆ ತೊಟ್ಟಿಯೊಳಗೆ ಗಾಳಿಯ ಕೊಳವೆ ಇಳಿಸದೆ ಇಳಿಯುವುದಿಲ್ಲ ಎಂದು ಮೇಸ್ತ್ರಿಗೆ ಹೇಳುತ್ತೇನೆ.

ಮಾಟುಂಗಾ ಅಡುಗೆ ಭಟ್ಟ

ಕಾರ್ಖಾನೆ ಕಾರ್ಖಾನೆ ಎನ್ನುತ್ತಿದ್ದೀರಿ, ಹೋಟೆಲಿನವರನ್ನು ಮರೆತಿರಾ? ಮುಂಬಯಿಯ ಕನ್ನಡಿಗರಲ್ಲಿ ಅರ್ಧ ಜನ ಒಲೆಯ ಮುಂದೆ ಬೆಂದವರು. ಬೆಳಗಿನಿಂದ ವಡೆ, ಭಜಿಯ ಎಣ್ಣೆಯ ಹೊಗೆ, ಸಂಜೆಗೆ ತಂದೂರಿನ ಇದ್ದಿಲು. ಹಳೆಯ ಅಡುಗೆಮನೆಗಳಲ್ಲಿ ಹೊಗೆ ಕೊಳವೆ ಪಕ್ಕದ ಕಟ್ಟಡದವರ ದೂರಿನ ಭಯದಿಂದ ಮುಚ್ಚಿರುತ್ತದೆ. ಹೊಗೆ ನಮ್ಮ ಮೇಲೆಯೇ.

ಅಂಧೇರಿ ಲೆಕ್ಕಿಗ

ಬಾಂಬೆ ಹೈಕೋರ್ಟ್ 2025ರ ಜನವರಿಯಲ್ಲಿ ಕಟ್ಟಿಗೆ, ಇದ್ದಿಲು ಸುಡುವ ಬೇಕರಿಗಳು ಆರು ತಿಂಗಳಲ್ಲಿ ಗ್ಯಾಸಿನಂತಹ ಶುದ್ಧ ಇಂಧನಕ್ಕೆ ಹೋಗಬೇಕೆಂದು ಆದೇಶಿಸಿತಲ್ಲ. ಪಾವ್ ರುಚಿ ಹೋಯಿತು ಎಂದು ಊರೆಲ್ಲ ಅತ್ತಿತು.

ಮಾಟುಂಗಾ ಅಡುಗೆ ಭಟ್ಟ

ರುಚಿಗೆ ಅತ್ತರು, ಸರಿ. ಭಟ್ಟಿಯ ಮುಂದೆ ನಿಂತು ಹಿಟ್ಟು ತಳ್ಳುವವನ ಎದೆಯ ಬಗ್ಗೆ ಯಾವ ಪತ್ರಿಕೆಯಲ್ಲೂ ನಾನು ಓದಲಿಲ್ಲ. ಆ ಆದೇಶ ಬಂದದ್ದೂ ನಗರದ ಗಾಳಿಗಾಗಿ, ಅವನಿಗಾಗಿ ಅಲ್ಲ.

ವಾಶಿ ವ್ಯಾಪಾರಿ

ನೋಡಿ, ಈಗ ವಡೆಯೂ ಕ್ಯಾನ್ಸರ್! ಸಂಸ್ಕರಿಸಿದ ಮಾಂಸವೂ ಕಲ್ನಾರೂ ಒಂದೇ ಗುಂಪಿನಲ್ಲಿವೆಯಂತೆ. ಹಾಗಾದರೆ ಎರಡೂ ಸಮಾನ ಅಪಾಯವೇ? ಈ ಗುಂಪುಗಳನ್ನು ನಂಬುವುದು ಹೇಗೆ?

ಹಿಂಜವಡಿ ಎಂಜಿನಿಯರ್

ಗುಂಪು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು, ವಿಷ ಎಷ್ಟು ತೀಕ್ಷ್ಣ ಎಂಬುದನ್ನಲ್ಲ. ಎರಡೂ ಕ್ಯಾನ್ಸರ್ ತರುತ್ತವೆ ಎಂಬುದು ಖಚಿತ, ಆದ್ದರಿಂದ ಒಂದೇ ಗುಂಪು. ಯಾವುದರಿಂದ ಎಷ್ಟು ಜನರಿಗೆ ಎಂಬುದು ಬೇರೆ ಲೆಕ್ಕ, ಅದು ಪ್ರಮಾಣ ಮತ್ತು ಅವಧಿಯ ಮೇಲೆ ನಿಂತಿದೆ. ಹೆಚ್ಚಿನ ಶಾಖದಲ್ಲಿ ಕರಿಯುವ ಹೊಗೆ ಎರಡನೆಯ ಗುಂಪಿನ ಮೊದಲ ಭಾಗದಲ್ಲಿದೆ, ಎಂದರೆ ಬಹುಶಃ ಕಾರಣ. ವಡೆ ತಿನ್ನುವವರು ನೆಮ್ಮದಿಯಾಗಿ ತಿನ್ನಲಿ. ಮಾತು ಇಡೀ ದಿನ ಬಾಣಲೆಯ ಮುಂದೆ ನಿಲ್ಲುವವನದ್ದು.

ವಾಶಿ ವ್ಯಾಪಾರಿ

ಇದು ಅರ್ಥವಾಗುವ ಉತ್ತರ. ಆದರೂ ತಂಬಾಕು ಬಿಟ್ಟರೆ ಅರ್ಧ ಸಮಸ್ಯೆ ಮುಗಿಯುತ್ತದೆ ಎಂದೇ ನನ್ನ ಮತ. ಕಾರ್ಖಾನೆಯವರು ಗುಟ್ಕಾ ಜಗಿಯುತ್ತಾ ಮಾಲೀಕನನ್ನು ದೂರುವುದು ಸರಿಯೇ?

ಕಾರ್ಖಾನೆ ದಾದಿ, ಠಾಣೆ

ತಂಬಾಕು ಬಿಡಿ ಎಂದು ನನ್ನ ಸೇವೆಯ ಉದ್ದಕ್ಕೂ ಹೇಳಿದವಳು ನಾನು. ಆದರೆ ಅದನ್ನು ಗುರಾಣಿ ಮಾಡಿಕೊಳ್ಳಬೇಡಿ. ಅಮೆರಿಕದ ಕಲ್ನಾರು ಕಾರ್ಮಿಕರ ಮೇಲೆ ನಡೆದ, 1979ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನದಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಸಾವು, ಎರಡೂ ಇಲ್ಲದವರಿಗೆ ಹೋಲಿಸಿದರೆ, ಕಲ್ನಾರು ಮಾತ್ರ ಇದ್ದವರಲ್ಲಿ ಸುಮಾರು 5 ಪಟ್ಟು, ಸಿಗರೇಟು ಮಾತ್ರ ಇದ್ದವರಲ್ಲಿ ಸುಮಾರು 11 ಪಟ್ಟು, ಎರಡೂ ಇದ್ದವರಲ್ಲಿ 50 ಪಟ್ಟಿಗೂ ಹೆಚ್ಚು. ಎಂದರೆ ಸೇದುವವನಿಗೆ ಕಾರ್ಖಾನೆಯ ರಕ್ಷಣೆ ಇನ್ನೂ ಹೆಚ್ಚು ಬೇಕು, ಕಡಿಮೆ ಅಲ್ಲ. ಮೆಸೊಥೆಲಿಯೋಮಾಕ್ಕಂತೂ ಸಿಗರೇಟಿನ ಸಂಬಂಧವೇ ಇಲ್ಲ. ಮುಲುಂಡ್ ಅವರ ಚಿಕ್ಕಪ್ಪ ಏನನ್ನೂ ಸೇದಿದವರಲ್ಲ, ಮೊದಲ ಬರಹವನ್ನು ಇನ್ನೊಮ್ಮೆ ಓದಿ.

ಪುಣೆ ಶುಶ್ರೂಷಕಿ

ಆಸ್ಪತ್ರೆಯೊಳಗಿನ ಕಥೆಯನ್ನು ಯಾರಾದರೂ ಹೇಳಬೇಕು. ಕ್ಯಾನ್ಸರಿಗೆ ಕೊಡುವ ಕೆಲವು ಔಷಧಗಳೇ ಕ್ಯಾನ್ಸರ್ ತರುವಂಥವು. ಸೈಕ್ಲೋಫಾಸ್ಫಮೈಡ್ ಮೊದಲ ಗುಂಪಿನಲ್ಲಿದೆ. ರೋಗಿಗೆ ಅದರಿಂದ ಆಗುವ ಲಾಭ ದೊಡ್ಡದು, ಕೊಡಲೇಬೇಕು. ನಮಗೆ ಯಾವ ಲಾಭವೂ ಇಲ್ಲ, ಪಾಳಿಗೊಮ್ಮೆ ಸ್ವಲ್ಪ ಸ್ವಲ್ಪ ಒಳಗೆ ಹೋಗುತ್ತದೆ. ನಾನು ಮೊದಲು ಕೆಲಸ ಮಾಡಿದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಚುಚ್ಚುಮದ್ದನ್ನು ವಾರ್ಡಿನ ಮೇಜಿನ ಮೇಲೆಯೇ, ಫ್ಯಾನಿನ ಕೆಳಗೆ ಬೆರೆಸುತ್ತಿದ್ದೆವು. ಸೂಜಿ ಹೊರತೆಗೆಯುವಾಗ ಬಾಟಲಿಯ ಬಾಯಿಂದ ಸಣ್ಣ ಹನಿ ಚಿಮ್ಮುತ್ತಿತ್ತು. ಬಸುರಿಯಾಗಿದ್ದ ಸಹೋದ್ಯೋಗಿಯೂ ಅದೇ ಕೆಲಸದಲ್ಲಿದ್ದಳು. ಗಾಳಿ ಸೋಸುವ ಮುಚ್ಚಿದ ಕಪಾಟಿನಲ್ಲಿ ಬೆರೆಸಬೇಕು, ಎರಡು ಜೊತೆ ಕೈಗವಸು, ಗೌನು ಬೇಕು ಎಂದು ನನಗೆ ತಿಳಿದದ್ದು ದೊಡ್ಡ ಆಸ್ಪತ್ರೆಗೆ ಬಂದ ಮೇಲೆ. ಕೇರಳ, ಕರ್ನಾಟಕದಿಂದ ಬರುವ ಹೊಸ ಹುಡುಗಿಯರು ಇದನ್ನು ಸಂದರ್ಶನದಲ್ಲೇ ಕೇಳಿ.

ಹಿಂಜವಡಿ ರಾತ್ರಿ ಪಾಳಿ

ರಾತ್ರಿ ಪಾಳಿಯೂ ಈ ಪಟ್ಟಿಯಲ್ಲಿದೆ ಎಂದು ಕೇಳಿದ್ದೇನೆ. ನಿಜವೇ?

ಪುಣೆ ಶುಶ್ರೂಷಕಿ

ಬಹುಶಃ ಕಾರಣ ಎಂಬ ಗುಂಪಿನಲ್ಲಿದೆ, 2007ರಲ್ಲಿ ಸೇರಿತು, 2019ರಲ್ಲಿ ಮತ್ತೆ ಪರಿಶೀಲಿಸಿ ಅಲ್ಲಿಯೇ ಉಳಿಸಿದರು. ನಮ್ಮಂತಹ ದಾದಿಯರೂ ಅದರಲ್ಲಿದ್ದೇವೆ.

ಘಾಟ್ಕೋಪರ್ ಗುರುಗಳ ಶಿಷ್ಯ

ವಿಷಯಾಂತರಕ್ಕೆ ಕ್ಷಮೆಯಿರಲಿ. ಮುಲುಂಡ್ ಅವರೇ, ನಿಮ್ಮ ಚಿಕ್ಕಪ್ಪ ಫೋರ್ಟಿನ ಯಾವ ರಾತ್ರಿ ಶಾಲೆಯವರು? ನಮ್ಮ ತಂದೆಯೂ ಅಲ್ಲಿಯೇ ಓದಿದವರು. ಹೋಟೆಲ್ ಮುಗಿಸಿ ತೂಕಡಿಸುತ್ತಾ ಬರುವ ಹುಡುಗರಿಗೆ ಪಾಠ ಹೇಳಿದ ಮೇಷ್ಟ್ರುಗಳ ಋಣ ಈ ಊರಿನ ಕನ್ನಡಿಗರ ಮೇಲೆ ದೊಡ್ಡದಿದೆ.

ಮುಲುಂಡ್ ನಿವಾಸಿ

ಕೇಳಿ ಹೇಳುತ್ತೇನೆ. ಹಳೆಯ ಶಾಲೆಯ ಮಾತು ತೆಗೆದರೆ ಅವರ ಮುಖ ಸ್ವಲ್ಪ ಗೆಲುವಾಗುತ್ತದೆ. ವಕೀಲರೇ, ಗಿರಣಿಯ ಪಿಎಫ್ ಚೀಟಿಗಳು ಒಂದು ಟ್ರಂಕಿನಲ್ಲಿ ಸಿಕ್ಕಿವೆ. ಗುತ್ತಿಗೆಯ ಕಾಲದ್ದು ಒಂದು ಕಾರ್ಖಾನೆಯ ಗೇಟ್ ಪಾಸ್ ಮಾತ್ರ.

ಸಯಾನ್ ವಕೀಲ

ಗೇಟ್ ಪಾಸ್ ಸಿಕ್ಕಿತೇ! ಅದನ್ನು ಲ್ಯಾಮಿನೇಟ್ ಮಾಡಿಸಬೇಡಿ, ಹಾಗೆಯೇ ಕವರಿನಲ್ಲಿಡಿ. ಜೊತೆಗೆ ಕೆಲಸ ಮಾಡಿದ ಇಬ್ಬರು ಬದುಕಿದ್ದರೆ ಅವರ ಪ್ರಮಾಣಪತ್ರ ಈಗಲೇ ಮಾಡಿಸಿ. ಎಲ್ಲಿಂದ ಎಲ್ಲಿಯವರೆಗೆ, ಯಾವ ಕಾರ್ಖಾನೆ, ಕೈಯಿಂದ ಮಾಡಿದ ಕೆಲಸ ಏನು ಎಂದು ಚಿಕ್ಕಪ್ಪನ ಬಾಯಿಂದ ಕೇಳಿ ಬರೆದು, ಅವರ ಸಹಿ ಹಾಕಿಸಿ. ಅದರ ಪ್ರತಿಯನ್ನು ಈಗ ನೋಡುತ್ತಿರುವ ಡಾಕ್ಟರಿಗೆ ಕೊಟ್ಟು ಆಸ್ಪತ್ರೆಯ ಕಡತಕ್ಕೆ ಸೇರಿಸಿ ಎಂದು ಒತ್ತಾಯಿಸಿ. ಬಯಾಪ್ಸಿಯ ವರದಿ ಮೂಲಪ್ರತಿ ನಿಮ್ಮ ಬಳಿಯೇ ಇರಲಿ. ಇಎಸ್ಐ ಸಂಖ್ಯೆ ಯಾವುದಾದರೂ ಕಾಲದ್ದು ಇದ್ದರೆ, ಪರೇಲಿನ ಮಹಾತ್ಮ ಗಾಂಧಿ ಸ್ಮಾರಕ ಇಎಸ್ಐ ಆಸ್ಪತ್ರೆಯಲ್ಲಿ ಔದ್ಯೋಗಿಕ ಕಾಯಿಲೆಗಳ ವಲಯ ಕೇಂದ್ರ ಇದೆ, ಅಲ್ಲಿ ವಿಚಾರಿಸಿ.

ಡೊಂಬಿವಿಲಿ ಪೂರ್ವ

ಬಣ್ಣದ ಕಾರ್ಖಾನೆಯವರಿಗೂ ಇದೇ ಕ್ರಮವೇ? ಭಾವನ ಕೈ ವರ್ಷಗಟ್ಟಲೆ ನೀಲಿ, ಕೆಂಪು. ದಿಂಬಿನ ಹೊದಿಕೆಗೂ ಬಣ್ಣ ಹತ್ತುತ್ತಿತ್ತು.

ಸಯಾನ್ ವಕೀಲ

ಇದೇ ಕ್ರಮ. ಯಾವ ರಾಸಾಯನಿಕ ಎಂಬುದು ಮುಖ್ಯ. ಬೆಂಜಿಡೀನ್, ಬೀಟಾ ನಾಫ್ತೈಲಮೀನ್ ಇವುಗಳ ಹೆಸರು ಭಾವನಿಗೆ ನೆನಪಿದೆಯೇ ಕೇಳಿ. ಬಣ್ಣದ ಕೆಲಸಕ್ಕೂ ಮೂತ್ರಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಜರ್ಮನಿಯ ಶಸ್ತ್ರವೈದ್ಯ ಲುಡ್ವಿಗ್ ರೆನ್ 1895ರಲ್ಲೇ ಹೇಳಿದ್ದ. ನಮ್ಮ ಆಸ್ಪತ್ರೆಗಳ ನಮೂನೆಯಲ್ಲಿ ಅದಕ್ಕೆ ಇಂದಿಗೂ ಒಂದು ಸಾಲು ಜಾಗವಿಲ್ಲ.

ಕಾತ್ರಜ್ ಗ್ಯಾರೇಜ್

ನಮ್ಮ ಗ್ಯಾರೇಜಿನಲ್ಲಿ ಎಲ್ಲರೂ ಗ್ರೀಸ್ ಕೈಯನ್ನು ಪೆಟ್ರೋಲಿನಲ್ಲಿ ತೊಳೆಯುತ್ತಾರೆ. ಬ್ರೇಕ್ ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಹಾರಿಸುತ್ತಾರೆ. ಅಪಾಯವೇ?

ಕಾರ್ಖಾನೆ ದಾದಿ, ಠಾಣೆ

ಎರಡನ್ನೂ ಇಂದೇ ನಿಲ್ಲಿಸಿ. ಪೆಟ್ರೋಲಿನಲ್ಲಿ ಬೆಂಜೀನ್ ಇದೆ, ಈಗಿನ ಬಿಎಸ್ 6 ಇಂಧನದಲ್ಲೂ ಶೇ 1ರ ವರೆಗೆ ಇರಬಹುದು, ಅದು ರಕ್ತದ ಕ್ಯಾನ್ಸರಿಗೆ ಕಾರಣ. ಪೆಟ್ರೋಲ್ ತೆಗೆಯಲು ಕೊಳವೆಗೆ ಬಾಯಿ ಹಚ್ಚಿ ಎಳೆಯುವುದಂತೂ ಬೇಡವೇ ಬೇಡ. ಕೈಗೆ ಸೋಪು, ಇಲ್ಲವೇ ಸ್ವಲ್ಪ ಅಡುಗೆ ಎಣ್ಣೆ ಹಚ್ಚಿ ಒರೆಸಿ ಆಮೇಲೆ ಸೋಪು. ಹಳೆಯ ಬ್ರೇಕ್ ಲೈನರಿನಲ್ಲಿ ಕಲ್ನಾರು ಇರಬಹುದು, ಗಾಳಿ ಹೊಡೆಯದೆ ಒದ್ದೆ ಬಟ್ಟೆಯಿಂದ ಒರೆಸಿ.

ವಾಘೋಲಿ ಟೈಲ್ಸ್

ನಾವು ಯಾದಗಿರಿಯವರು, ವಾಘೋಲಿ ಕಡೆ ಹೊಸ ಕಟ್ಟಡಗಳಲ್ಲಿ ಟೈಲ್ಸ್, ಗ್ರಾನೈಟ್, ಅಡುಗೆಕಟ್ಟೆಯ ಕ್ವಾರ್ಟ್ಜ್ ಕಲ್ಲು ಕೊರೆಯುತ್ತೇವೆ. ಮುಚ್ಚಿದ ಕೋಣೆಯಲ್ಲಿ ಕೊರೆದರೆ ಎದುರಿಗಿದ್ದವನೂ ಕಾಣುವುದಿಲ್ಲ. ನಮ್ಮ ಬಳಿ ಇಎಸ್ಐ ಇಲ್ಲ, ಪಿಎಫ್ ಇಲ್ಲ, ಗೇಟ್ ಪಾಸ್ ಸಹ ಇಲ್ಲ. ನಮಗೆ ಏನು ಹೇಳುತ್ತೀರಿ?

ಹಿಂಜವಡಿ ಎಂಜಿನಿಯರ್

ಆ ಧೂಳಿನಲ್ಲಿ ಸಿಲಿಕಾ ಇದೆ. ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್ ಎಂಬ ಕಾಯಿಲೆ ಬರುತ್ತದೆ, ಶ್ವಾಸಕೋಶದ ಕ್ಯಾನ್ಸರಿಗೂ ಅದು ಸಾಬೀತಾದ ಕಾರಣ, ಕ್ಷಯವೂ ಬೇಗ ಹತ್ತುತ್ತದೆ. ಕೃತಕ ಕ್ವಾರ್ಟ್ಜ್ ಕಲ್ಲು ಎಲ್ಲಕ್ಕಿಂತ ಕೆಟ್ಟದ್ದು, ಅದರಲ್ಲಿ ಸಿಲಿಕಾ ಶೇ 90ಕ್ಕಿಂತ ಹೆಚ್ಚಿರಬಹುದು. ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅದನ್ನು ನಿಷೇಧಿಸಿಯೇಬಿಟ್ಟಿತು. ನೀರು ಬಿಡುತ್ತಾ ಕೊರೆಯಿರಿ. ಕಟರಿಗೆ ಸಣ್ಣ ನಳಿಕೆ ಜೋಡಿಸುವ ಸಲಕರಣೆ ಸಿಗುತ್ತದೆ. ಒದ್ದೆ ಕೆಲಸಕ್ಕೆಂದೇ ಮಾಡಿದ ಯಂತ್ರ ತೆಗೆದುಕೊಳ್ಳಿ, ಸಾದಾ ಯಂತ್ರದ ಮೇಲೆ ಬಾಟಲಿಯಿಂದ ನೀರು ಸುರಿದರೆ ವಿದ್ಯುತ್ ತಗಲುತ್ತದೆ. ಪೊರಕೆ ಹಾಕುವ ಮೊದಲೂ ನೆಲ ಒದ್ದೆ ಮಾಡಿ. ಕೊರೆಯುವುದು ಹೊರಗೆ, ಕೂರಿಸುವುದು ಒಳಗೆ.

ಕಾರ್ಖಾನೆ ದಾದಿ, ಠಾಣೆ

ದಾಖಲೆ ಇಲ್ಲ ಎಂದಿರಲ್ಲ, ಇಂದಿನಿಂದ ನೀವೇ ಮಾಡಿ. ಪ್ರತಿ ಕಟ್ಟಡದ ಮುಂದೆ, ಹೆಸರಿನ ಫಲಕ ಕಾಣುವಂತೆ, ಕೈಯಲ್ಲಿ ಕಟರ್ ಹಿಡಿದು ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿ. ನಿಮ್ಮ ತಂಡದಲ್ಲಿ ಯಾರಿಗಾದರೂ ಎರಡು ವಾರ ಮೀರಿ ಕೆಮ್ಮು ಇದೆಯೇ?

ವಾಘೋಲಿ ಟೈಲ್ಸ್

ಇಬ್ಬರಿಗೆ ಇದೆ. ಒಬ್ಬ ರಜೆ ಹಾಕಿ ಊರಿಗೆ ಹೋಗಿದ್ದಾನೆ. ಇನ್ನೊಬ್ಬನನ್ನು ನಾಳೆ ಸಸೂನ್ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ, ಚೀಟಿಯಲ್ಲಿ "ಕಲ್ಲು ಕೊರೆಯುವ ಕೆಲಸ" ಎಂದು ಬರೆಸುತ್ತೇನೆ. ಮರಾಠಿಯಲ್ಲಿ ಹೇಗೆ ಹೇಳಬೇಕು ಎಂದು ಯಾರಾದರೂ ಬರೆದು ಕಳಿಸಿ.

ಪುಣೆ ಶುಶ್ರೂಷಕಿ

ಬೆಳಗಿನ ಹೊರರೋಗಿ ವಿಭಾಗಕ್ಕೆ ಬೇಗ ಬನ್ನಿ. ಮರಾಠಿ ಸಾಲುಗಳನ್ನು ಕನ್ನಡ ಲಿಪಿಯಲ್ಲಿ ಬರೆದು ನಿಮಗೆ ಖಾಸಗಿಯಾಗಿ ಕಳಿಸುತ್ತಿದ್ದೇನೆ. ಊರಿಗೆ ಹೋದವನಿಗೂ ಫೋನ್ ಮಾಡಿ, ಯಾದಗಿರಿಯ ಡಾಕ್ಟರಿಗೂ ಅದನ್ನೇ ಹೇಳಲಿ.